ರಸ್ತೆಗೆ ಹೋಗುವ ಕುದುರೆ

ಕುದುರೆ ಸವಾರಿ ಶಾಲೆಯ ಆಫೀಸಿಗೆ ಕಾಲಿಟ್ಟ ಕೂಡಲೇ ನನ್ನನ್ನು ತೂಕ ಹಾಕಿದರು. ಮೇಜಿನ ಹಿಂದಿದ್ದ ಹುಡುಗಿ ತೂಕದ ಯಂತ್ರ ತೋರಿಸಿ ಹತ್ತಿ ಎಂದಳು. ಮೇಜಿನ ಹಿಂದಿರುವವರು ಹೇಳಿದ್ದನ್ನೆಲ್ಲ ಮಾಡಿಬಿಡುವುದು ನನ್ನ ಸ್ವಭಾವ, ಹತ್ತಿದೆ. ಅವಳು ಅಂಕಿಯನ್ನು ಗಟ್ಟಿಯಾಗಿ ಓದಿ, ಮಕ್ಕಳನ್ನು ಕರೆತಂದಿದ್ದ ತಾಯಂದಿರ ಸಾಲಿನ ಎದುರೇ, ನಿಮ್ಮನ್ನು ಹೊರುವಂಥ ಕುದುರೆ ನಮ್ಮಲ್ಲಿಲ್ಲ ಎಂದು ಬಹಳ ಮರುಕದಿಂದ ತಿಳಿಸಿದಳು.

"ಸವಾರಿ ಮಾಡೋದು ಇವರಲ್ಲಮ್ಮ, ನಾನು," ಎಂದರು ಪಕ್ಕದಲ್ಲಿದ್ದ ಮ್ಯೂರಿಯಲ್ ಗಿಟಿನ್ಸ್. "ಇವರು ಕಾರು ಓಡಿಸ್ತಾರೆ. ಅದೂ ಅಷ್ಟಕ್ಕಷ್ಟೆ."

ಮ್ಯೂರಿಯಲ್ ನಮ್ಮ ಪಕ್ಕದ ಮನೆಯವರು, ಎಪ್ಪತ್ತು ದಾಟಿದವರು. ಶ್ರಾಪ್‌ಶೈರ್‌ನ ನಮ್ಮ ಹಳ್ಳಿಯ ದವಾಖಾನೆಯಲ್ಲಿ, ಡಾಕ್ಟರ ಬಾಗಿಲಿಗಿಂತ ಮೊದಲು ಸಿಗುವ ಸಣ್ಣ ಕಿಟಕಿಯ ಹಿಂದೆ ರೋಗಿಗಳ ಹೆಸರು ಬರೆದುಕೊಳ್ಳುತ್ತ ಅರ್ಧ ಆಯುಸ್ಸು ಕಳೆದವರು. ಅವರನ್ನು ದಾಟದೆ ಯಾರೂ ಡಾಕ್ಟರನ್ನು ಕಂಡದ್ದಿಲ್ಲ. ಏನು ತೊಂದರೆ ಎಂದು ಕೇಳುತ್ತಿದ್ದರು. ಮೂಲವ್ಯಾಧಿ ಎಂದು ಪಿಸುಗುಟ್ಟಿದರೆ, ಸ್ವಲ್ಪ ಜೋರಾಗಿ ಹೇಳಿ ಎನ್ನುತ್ತಿದ್ದರು. ನಾನೂ ಜೋರಾಗಿ ಹೇಳಿದ್ದೇನೆ.

ಹೀಗಾಗಿ ನಿವೃತ್ತಿಯಾದ ಮೇಲೆ ಅವರು ಅಂಗಡಿಯೊಳಗೆ ಬಂದರೆ ಜನ ಬ್ರೆಡ್ಡಿನ ಕಪಾಟಿನ ಹಿಂದಕ್ಕೆ ಸರಿಯುತ್ತಿದ್ದರು. ದ್ವೇಷವೇನೂ ಇಲ್ಲ. ನಮ್ಮ ಹೊಟ್ಟೆಯೊಳಗಿನ ಸಂಗತಿಯೆಲ್ಲ ಗೊತ್ತಿರುವವರ ಜೊತೆ ಮಳೆ ಮೋಡದ ಮಾತಾಡುವುದು ಕಷ್ಟ, ಅಷ್ಟೆ.

ಆಗ ಅವರು ಸವಾರಿ ಹಿಡಿದರು. ನಮ್ಮ ಓಣಿಯ ಕೊನೆಯಲ್ಲಿ ವಾಡ್ಲೋ ಎಂಬ ವಿಧವೆಯ ಲಾಯವಿತ್ತು. ಪ್ರತಿ ಗುರುವಾರ ಅಲ್ಲಿಂದ ಕುದುರೆಯೇರಿ ರಸ್ತೆಗೆ ಇಳಿಯುತ್ತಿದ್ದರು. ನಮ್ಮ ಕಡೆ ಎದುರಿಗೆ ಕುದುರೆ ಬಂದರೆ ಕಾರು ನಿಧಾನವಾಗಬೇಕು, ಒಳಗಿದ್ದವರು ಕೈ ಎತ್ತಬೇಕು, ಮೇಲಿದ್ದವರೂ ಎತ್ತಬೇಕು. ಹೆಂಡತಿಯ ಜೊತೆ ಜಗಳವಾಡುತ್ತ ಬಂದವನೂ ಅದನ್ನು ಬಿಡುವುದಿಲ್ಲ.

"ಅಂಗಡೀಲಿ ನನ್ನ ನೋಡಿ ಓಡ್ತಾರಲ್ಲ, ಅವರೇ," ಎಂದು ಮ್ಯೂರಿಯಲ್ ಕಾರಿನಲ್ಲಿ ಒಮ್ಮೆ ಹೇಳಿದರು. "ಕುದುರೆ ಮೇಲಿದ್ರೆ ಕಿಟಕಿ ಇಳಿಸಿ ಹೇಗಿದ್ದೀರಿ ಅಂತಾರೆ. ವಾರಕ್ಕೆ ಅದೊಂದೇ ದಿನ ನೆವಿಲ್, ನನ್ನ ಜೊತೆ ಯಾರಾದ್ರೂ ಮಾತಾಡೋದು."

ನಾನು ಮಳೆಯಿಲ್ಲದಿದ್ದರೂ ವೈಪರ್ ಹಾಕಿದೆ.

ಈ ವಸಂತದಲ್ಲಿ ವಾಡ್ಲೋ ಲಾಯ ಮುಚ್ಚಿ, ಕುದುರೆಗಳನ್ನು ಮಾರಿ, ಮಗಳ ಊರಿಗೆ ಹೋದರು. ಬೇರೆ ಶಾಲೆ ಹುಡುಕಬೇಕಾಯಿತು. ಬೇಲಿಯಾಚೆಯಿಂದ ನನ್ನ ಹೆಂಡತಿ ಗ್ವೆಂಡಾ, ನೆವಿಲ್ ಕರೆದುಕೊಂಡು ಹೋಗುತ್ತಾನೆ ಎಂದು ಮಾತು ಕೊಟ್ಟಿದ್ದಳು. ನನಗೆ ಅದು ಊಟದ ಹೊತ್ತಿಗೆ ತಿಳಿಯಿತು. ಹೆಲ್ಮೆಟ್ ಗಟ್ಟಿಯಿದೆಯಾ, ಕುದುರೆಯ ಗೊರಸು ಚೊಕ್ಕಟವಿದೆಯಾ ನೋಡಿ ಎಂದು ಬುದ್ಧಿಯನ್ನೂ ಹೇಳಿ ಕಳಿಸಿದಳು. ಮ್ಯೂರಿಯಲ್ ಕೇಳುತ್ತಿದ್ದದ್ದು ಮಾತ್ರ ಒಂದೇ: ರಸ್ತೆಗೆ ಬಿಡುತ್ತೀರಾ?

ನನ್ನನ್ನು ತೂಗಿದ ಶಾಲೆ ಬಿಡುವುದಿಲ್ಲ ಎಂದಿತು. ದೊಡ್ಡ ಶೆಡ್ಡಿನೊಳಗೆ ಮರಳು ಹಾಸಿ, ಅದರ ಮೇಲೆ ಸುತ್ತು ಹಾಕಿಸುತ್ತಾರಂತೆ. ಅಲ್ಲಿ ಕೈ ಎತ್ತಲು ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. ಎರಡನೆಯ ಕಡೆ ಚಹಾ ಕೊಟ್ಟರು, ನಿಂಬೆ ಕೇಕ್ ಕೊಟ್ಟರು, ನಿಮ್ಮಂಥವರು ಬರುವುದೇ ನಮ್ಮ ಭಾಗ್ಯ ಎಂದರು, ವಿಚಾರಿಸಿ ಫೋನ್ ಮಾಡುತ್ತೇವೆ ಎಂದರು. ಗೇಟಿನ ತನಕ ಬಂದು ಬೀಳ್ಕೊಟ್ಟರು.

"ಫೋನ್ ಬರಲ್ಲ," ಎಂದರು ಮ್ಯೂರಿಯಲ್, ಸೀಟ್ ಬೆಲ್ಟ್ ಹಾಕಿಕೊಳ್ಳುತ್ತ. "ಕೇಕು ಎರಡನೇ ಸಲ ಕೊಟ್ಟಾಗಲೇ ಗೊತ್ತಾಯ್ತು."

ಮೂರನೆಯದು ಹಂದಿ ಸಾಕುವವರ ಹೊಲದ ಹಿಂದೆ. ಒಡೆಯ ಪ್ರೀಸ್ ತನ್ನ ಕೋಟನ್ನು ಹುರಿಯಿಂದ ಕಟ್ಟಿಕೊಂಡಿದ್ದ. ಆಫೀಸಿಲ್ಲ, ತೂಕದ ಯಂತ್ರವಿಲ್ಲ, ಲದ್ದಿ ಬೇಕಾದಷ್ಟಿತ್ತು.

"ರಸ್ತೆಗಾ? ಹೋಗಬಹುದಮ್ಮ," ಎಂದ. "ಬಿಷಪ್‌ಗೆ ಮನಸ್ಸು ಬಂದ್ರೆ."

ಬಿಷಪ್ ಎಂಬುದು ಬೀರುವಿಗೆ ಕಾಲು ಬಂದಂತಿದ್ದ ಮುದಿ ಕುದುರೆ. ಮ್ಯೂರಿಯಲ್ ಕಟ್ಟೆಯ ಮೇಲೆ ನಿಂತರು. ಪ್ರೀಸ್ ಆಚೆ ಬದಿಯಿಂದ ಅವರ ಕೈ ಹಿಡಿದು ಎಳೆದ, ನಾನು ಹಿಂದಿನಿಂದ ನೂಕಬೇಕಾಯಿತು. ಪಕ್ಕದ ಮನೆಯವರನ್ನು ಎಲ್ಲಿ ಹಿಡಿದು ನೂಕಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಕಣ್ಣು ಮುಚ್ಚಿ ನೂಕಿದೆ. ಅಂತೂ ಜೀನಿನ ಮೇಲೆ ಕೂತರು. ಬಿಷಪ್ ಗೇಟು ದಾಟಿತು, ಓಣಿಗೆ ಇಳಿಯಿತು, ಎರಡೂ ಬದಿ ಬೇಲಿ ಒತ್ತಿ ಬಂದು ಒಂದೇ ಗಾಡಿ ಹಿಡಿಸುವಂಥ ಜಾಗ ನೋಡಿ ನಿಂತುಬಿಟ್ಟಿತು.

ಪ್ರೀಸ್ ನಾಲಿಗೆಯಿಂದ ಲೊಚಗುಟ್ಟಿದ, ಲಗಾಮು ಜಗ್ಗಿದ, ಕ್ಯಾರೆಟ್ ತೋರಿಸಿದ. ಬಿಷಪ್ ಕ್ಯಾರೆಟ್ ತಿಂದು ನಿಂತಿತು. ನಾನು ಹಿಂದೆ ಹೋಗಿ ಹುಷ್ ಎಂದೆ. ಬಾಲ ನನ್ನ ಕನ್ನಡಕ ತೆಗೆಯಿತು. ಜಿನುಗು ಮಳೆ ಹಿಡಿದುಕೊಂಡಿತು. ಅಂಚೆಯ ವ್ಯಾನು ಬಂದು ನಿಂತಿತು, ಅದರ ಹಿಂದೆ ಹಾಲಿನ ಟ್ಯಾಂಕರು, ಆಮೇಲೆ ನಮ್ಮ ಹಳ್ಳಿಯ ಅಂಗಡಿಯ ಬೆರಿಲ್‌ಳ ಕಾರು, ಅವಳ ಹಿಂದೆ ಇನ್ನಷ್ಟು. ಹಾರನ್ ಯಾರೂ ಮಾಡಲಿಲ್ಲ; ಕುದುರೆಗೆ ಹಾರನ್ ಮಾಡಿದವನಿಗೆ ನಮ್ಮಲ್ಲಿ ಮರ್ಯಾದೆಯಿಲ್ಲ. ಒಬ್ಬೊಬ್ಬರಾಗಿ ಕೈ ಎತ್ತಿದರು. ಮ್ಯೂರಿಯಲ್ ಒಬ್ಬೊಬ್ಬರಿಗೂ ಎತ್ತಿದರು. ಹೊತ್ತಾಯಿತು. ಇಂಜಿನ್ನುಗಳು ಆರಿದವು. ಬೇರೆ ದಾರಿಯಿಲ್ಲದೆ ಬೆರಿಲ್ ಇಳಿದು ಬಂದು ಕುದುರೆಯ ಪಕ್ಕ ನಿಂತಳು. ಮ್ಯೂರಿಯಲ್ ಅವಳ ಮೊಣಕಾಲು ವಿಚಾರಿಸಿದರು, ಅವಳು ಹೇಳತೊಡಗಿದಳು. ಟ್ಯಾಂಕರಿನವನೂ ಇಳಿದ, ಅವನಿಗೆ ಹೇಳಲು ಬೆನ್ನುನೋವಿತ್ತು.

ಪ್ರೀಸ್‌ನ ಮುಖ ಕೆಂಪೇರಿತ್ತು. ಲಗಾಮು ಕೈಬಿಟ್ಟು ಮೇಲೆ ನೋಡಿದ.

"ತಪ್ಪಾಯ್ತಮ್ಮ. ಮುಂದಿನ ವಾರ ನಡೆಯೋ ಕುದುರೆ ಯಾವುದಾದ್ರೂ ತಂದುಕೊಡ್ಲಾ?"

ಮ್ಯೂರಿಯಲ್ ಮೂಗಿನ ತುದಿಯ ಮಳೆಹನಿ ಒರೆಸಿಕೊಂಡು, ಸಾಲು ನಿಂತ ಗಾಡಿಗಳನ್ನು ಒಮ್ಮೆ ಕೊನೆಯ ತನಕ ನೋಡಿದರು.

"ಬೇಡ," ಎಂದರು. "ಅದು ನಡೆದ್ರೆ ಇವರೆಲ್ಲ ಹೊರಟುಹೋಗ್ತಾರೆ."