ಖಾಲಿ ಕಟ್ಟಿನ ಮುಂದೆ

ಕುಷ್ಟಗಿಯ ಚಿತ್ರಗಾರ್ತಿ ಶಿವಲೀಲಾ ಚಿತ್ರ ಬರೆಯುವ ಮೊದಲೇ ಪಟಕ್ಕೆ ಹಾಕುವ ಮರದ ಖಾಲಿ ಕಟ್ಟನ್ನು ಗೋಡೆಗೆ ತೂಗುಹಾಕಿ, ಅದರೆದುರು ಚಹಾ ಹಿಡಿದು ಕೂರುತ್ತಾರೆ. ಊರವರು ಬನ್ನಿಗಿಡದ ಬುಡದಲ್ಲಿ ಬಿಟ್ಟುಹೋಗುವ ಹಳೆಯ ದೇವರ ಪಟಗಳು ಮಳೆಗೆ ಮಾಸಿಹೋದ ಮೇಲೆ ಅವುಗಳ ಕಟ್ಟುಗಳು ಇವರ ಮನೆ ಸೇರುತ್ತವೆ. "ಚಿತ್ರ ಎಲ್ಲೈತ್ರಿ ಅಕ್ಕಾರ?" ಎಂದು ಕಾಡಿಸಿದವರಿಗೆ, "ಬರಾಕತ್ತೈತಿ, ಕುಂದರ್ರಿ" ಎನ್ನುತ್ತಾರೆ. ಗೋಡೆಗೂ ಒಂದು ಕಪ್ ಚಹಾ ಇಡುತ್ತಾರೆಂದು ಓಣಿಯವರ ನಗೆ. ಫೋಟೋ ಒಂದೂ ಇಲ್ಲದೆ ತೀರಿಕೊಂಡ ತಾಯಿಯ ಮುಖ ಈಗ ಮರೆತುಹೋಗುತ್ತಿದೆ ಎಂದು ಹನುಮಸಾಗರದ ಮುದುಕಿ ವಿರೂಪಾಕ್ಷಮ್ಮ ಅಳುತ್ತ ಬಂದಾಗಲೂ ಶಿವಲೀಲಾ ಕುಂಚ ಮುಟ್ಟಲಿಲ್ಲ. ಖಾಲಿ ಕಟ್ಟಿನ ಮುಂದೆ ಕೂರಿಸಿದರು. ಬಹಳ ಹೊತ್ತಾದ ಮೇಲೆ ಮುದುಕಿ ತಟ್ಟನೆ ತಲೆಯ ಮೇಲೆ ಸೆರಗೆಳೆದುಕೊಂಡು, "ಸಿಟ್ಟಾಗಬ್ಯಾಡ ಯವ್ವಾ, ಸೆರಗು ಹೊತ್ಕೊಂಡೆ" ಎಂದು ಆ ಕಟ್ಟಿಗೇ ಹೇಳಿದರು. "ನಿಮ್ಮವ್ವಾರ ಮೂಗಬಟ್ಟು ಯಾವ ಕಡೀಗೈತ್ರಿ?" ಎಂದು ಮೆಲ್ಲಗೆ ಕೇಳುತ್ತ ಶಿವಲೀಲಾ ಕುಂಚ ಎತ್ತಿಕೊಂಡರು.