‘ಯಾರೂ ಇಲ್ಲ’ ಎಂದ ಪುಟ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಚೀಟಿ ಅಕ್ಕ ಎಂದೇ ಕರೆಯುತ್ತಿದ್ದರು. ಹದಿನಾರು ವರ್ಷ ಹೊರರೋಗಿಗಳ ಕಿಟಕಿಯಲ್ಲಿ ಕೂತು ಚೀಟಿ ಬರೆದವಳು. ನಲವತ್ತು ದಾಟಿದ ಮೇಲೆ, ಯಾರ ಒತ್ತಾಯವೂ ಇಲ್ಲದೆ, ಪುಸ್ತಕ ಇಟ್ಟುಕೊಂಡು ಕಂಪ್ಯೂಟರ್ ಕೋಡ್ ಬರೆಯುವುದನ್ನು ಕಲಿತಳು. “ಈ ವಯಸ್ಸಲ್ಲಿ ಇದೇನೇ ಹುಚ್ಚು ನಿಂಗೆ?” ಎಂದು ಗಂಡ ರೇಗಿಸುತ್ತಿದ್ದ. ಆದರೂ ಊಟದ ಮೇಜನ್ನು ಅವಳಿಗೇ ಬಿಟ್ಟುಕೊಟ್ಟು, ತಾನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದ.

ದಾಖಲಾದವರನ್ನು ಹುಡುಕುವ ಪುಟ ಅವಳು ಆಸ್ಪತ್ರೆಗೆ ಬರೆದುಕೊಟ್ಟ ಮೊದಲ ದೊಡ್ಡ ಕೆಲಸ. ಮುಂಬಾಗಿಲ ಹಜಾರದ ಕಂಪ್ಯೂಟರಿನಲ್ಲೋ ತಮ್ಮ ಫೋನಿನಲ್ಲೋ ಹೆಸರು ಹೊಡೆದರೆ ವಾರ್ಡು, ಹಾಸಿಗೆ ನಂಬರು ಬರುತ್ತಿತ್ತು.

“ನನ್ ಹೆಸರು ಹೊಡೆದ್ರೆ ಎಲ್ಲಿದೀನಿ ಅಂತ ಹೇಳುತ್ತಾ?” ಎಂದ ಗಂಡ.

“ನೀವು ಸೋಫಾ ಬಿಟ್ಟು ಎಲ್ಲಿಗ್ ಹೋಗ್ತೀರಿ? ಅದಕ್ಕೆ ಕಂಪ್ಯೂಟರ್ ಬೇರೆ ಬೇಕಾ?”

ಒಂದು ಮಧ್ಯಾಹ್ನ ಊರಾಚೆ ಬಸ್ಸು ಮಗುಚಿತು. ಗಾಯಾಳುಗಳನ್ನು ತಂದು ಸುರಿದ ಹಾಗಾಯಿತು. ಅವರ ಕಡೆಯವರು ಹಜಾರದ ತುಂಬ ನೆರೆದರು. ಪುಟ ಇಲ್ಲದಿದ್ದರೆ ಇಷ್ಟು ಜನರನ್ನು ಸುಧಾರಿಸುವುದು ಯಾರ ಕೈಲಾಗುತ್ತಿತ್ತು ಎಂದು ಅವಳು ಒಳಗೊಳಗೇ ಬೀಗಿದಳು.

ಎಂಟು ದಿನದ ಮೇಲೆ ಒಬ್ಬ ದರ್ಜಿ ಅವಳನ್ನು ಕೇಳಿಕೊಂಡು ಬಂದ. ಕೊರಳಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು.

“ಮೇಡಂ, ಜಗಳಕ್ಕೆ ಬಂದಿಲ್ಲ. ನನ್ ತಮ್ಮನ ಹೆಸರು ನಾನೇ ತಪ್ಪಾಗಿ ಹೊಡೆದ್ನಾ ಅಂತ ಕೇಳೋಣ ಅಂತ ಬಂದೆ.”

ತಮ್ಮ ಆ ಬಸ್ಸಿನಲ್ಲಿದ್ದ. ದರ್ಜಿ ಏದುಸಿರು ಬಿಡುತ್ತ ಬಂದು ಹೆಸರು ಹೊಡೆದಾಗ ಪರದೆ ‘ಈ ಹೆಸರಿನವರು ಯಾರೂ ಇಲ್ಲ’ ಎಂದಿತ್ತು. ಅವನು ಊರಿನ ಇನ್ನೊಂದು ತುದಿಯ ಆಸ್ಪತ್ರೆಗೆ ಓಡಿದ. ಅಲ್ಲಿಂದ ಮತ್ತೊಂದಕ್ಕೆ. ತಮ್ಮ ಇಲ್ಲೇ ಎರಡನೇ ಮಹಡಿಯಲ್ಲಿದ್ದ. ಎರಡು ಗಂಟೆ ಕಾಲ ಎಚ್ಚರವಾಗಿದ್ದು, “ಅಣ್ಣ ಬಂದ್ನಾ?” ಎಂದು ನರ್ಸನ್ನು ಕೇಳುತ್ತಲೇ ಇದ್ದನಂತೆ. ಅಣ್ಣ ತಿರುಗಿ ಬರುವಷ್ಟರಲ್ಲಿ ಜೀವ ಹೋಗಿಬಿಟ್ಟಿತ್ತು.

“ನೋಡಿ ಹೇಳ್ತೀನಣ್ಣ” ಎಂದು ಅವನನ್ನು ಕಳಿಸಿ, ಅವಳು ಆಸ್ಪತ್ರೆಯ ಮುಖ್ಯ ಕಂಪ್ಯೂಟರಾದ ಸರ್ವರಿನ ದಾಖಲೆ ತೆಗೆದಳು. ಅವನು ಹೊಡೆದ ಹೆಸರು ಸರಿಯಾಗಿಯೇ ಇತ್ತು. ಕೋಡ್ ತೆಗೆದು ಓದಿದಳು.

ಪುಟ ಹೆಸರನ್ನು ಸರ್ವರಿಗೆ ಕಳಿಸುತ್ತದೆ. ಉತ್ತರಕ್ಕಾಗಿ ಕಾಯುತ್ತ ಕೂರುವುದಿಲ್ಲ. ಸದ್ಯಕ್ಕೆ ಕೈಯಲ್ಲಿರುವುದನ್ನು ತೋರಿಸಿ, ಉತ್ತರ ಬಂದಾಗ ತಿದ್ದಿಕೊಳ್ಳುತ್ತದೆ. ಬರುವ ತನಕ ಕೈಯಲ್ಲಿರುವುದು ಖಾಲಿ ಪಟ್ಟಿ. ಪಟ್ಟಿ ಖಾಲಿಯಿದ್ದರೆ ‘ಯಾರೂ ಇಲ್ಲ’ ಎಂದು ತೋರಿಸು ಎಂದು ಬರೆದವಳು ಅವಳೇ. ‘ಇಲ್ಲ’ ಎನ್ನುವುದಕ್ಕೂ ‘ಇನ್ನೂ ಗೊತ್ತಿಲ್ಲ’ ಎನ್ನುವುದಕ್ಕೂ ಅವಳ ಕೋಡಿನಲ್ಲಿ ವ್ಯತ್ಯಾಸವೇ ಇರಲಿಲ್ಲ. ಅವಳ ಮೇಜಿನ ಕಂಪ್ಯೂಟರಿನಲ್ಲಿ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬರುತ್ತಿದ್ದುದರಿಂದ ಆ ಸುಳ್ಳು ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ಅಂದು ಊರಿಗೆ ಊರೇ ಒಟ್ಟಿಗೆ ಹೆಸರು ಹುಡುಕುತ್ತಿತ್ತು. ಉತ್ತರ ನಲವತ್ತೊಂದು ಸೆಕೆಂಡು ತಡವಾಗಿತ್ತು. ಅಷ್ಟರಲ್ಲಿ ದರ್ಜಿ ಗೇಟು ದಾಟಿದ್ದ.

ಉತ್ತರ ಬರುವವರೆಗೆ ‘ಹುಡುಕುತ್ತಿದೆ, ಕಾಯಿರಿ’ ಎಂದು ತೋರಿಸಲು ನಾಲ್ಕು ಸಾಲು ಸಾಕಾಯಿತು. ಬರೀ ನಾಲ್ಕು ಸಾಲು ಎಂಬುದೇ ಅವಳ ಎದೆಯಲ್ಲಿ ಮುಳ್ಳಾಗಿ ನಿಂತಿತು.

ವಿಷಯ ತಿಳಿದ ಮೇಲಧಿಕಾರಿ ಬಾಗಿಲು ಮುಂದೆ ಮಾಡಿ, “ಹೆಸರು ತಪ್ಪಾಗಿತ್ತು ಅಂದ್ಬಿಡಮ್ಮ. ಇಲ್ಲಿಗೆ ಮುಗೀಲಿ” ಎಂದ.

ಅವಳಿಂದಾಗಲಿಲ್ಲ. ದರ್ಜಿಯ ಅಂಗಡಿಗೆ ಹೋದಳು. ಎರಡು ಹೊಲಿಗೆ ಮಷಿನ್ನುಗಳಲ್ಲಿ ಒಂದಕ್ಕೆ ಬಟ್ಟೆ ಹೊದಿಸಿತ್ತು. ನಿಂತುಕೊಂಡೇ ಎಲ್ಲ ಹೇಳಿದಳು. ಅವನು ಬೈಯಲಿ, ಕೈಗೆ ಸಿಕ್ಕಿದ್ದು ಎತ್ತಿ ಎಸೆಯಲಿ ಎಂದುಕೊಂಡೇ ಬಂದಿದ್ದಳು.

“ಅಂದ್ರೆ, ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ರೆ ಬರ್ತಿತ್ತಾ?”

ಈ ಪ್ರಶ್ನೆ ಅವಳಿಗೆ ಹೊಳೆದೇ ಇರಲಿಲ್ಲ. “ಬರ್ತಿತ್ತು” ಎಂದಳು.

“ಎಷ್ಟ್ ಹೊತ್ತು?”

“ಒಂದು ನಿಮಿಷಾನೂ ಇಲ್ಲ.”

ದರ್ಜಿ ಬಟ್ಟೆ ಹೊದಿಸಿದ್ದ ತಮ್ಮನ ಮಷಿನ್ನನ್ನೇ ನೋಡಿದ. “ಒಂದ್ ನಿಮಿಷ ನಿಲ್ಲೋಕಾಗ್ಲಿಲ್ಲ ನನ್ ಕೈಲಿ.”

“ತಪ್ಪು ನಿಮ್ದಲ್ಲಣ್ಣ, ನಂದು. ನಾನು ಬರೆದಿದ್ದು...”

ಅವನಿಗೆ ಕೇಳಿಸಿದಂತೆ ಕಾಣಲಿಲ್ಲ. ಅವನ ಹೆಂಡತಿ ಒಳಗಿನಿಂದ ಬಂದು ಅವಳ ಮೊಣಕೈ ಹಿಡಿದು ಹೊರಗೆ ಕರೆತಂದಳು. “ಹೆಸರು ತಪ್ಪಿತ್ತು ಅಂದಿದ್ರೆ ಇವತ್ತಲ್ಲ ನಾಳೆ ಮರೀತಿದ್ರು. ಇದನ್ನ ಹೆಂಗ್ ಮರೀತಾರಮ್ಮ?”

ತಿಂಗಳಾದ ಮೇಲೆ ಆ ಬೀದಿಯಲ್ಲಿ ಹೋದಾಗ ಅಂಗಡಿಯ ಶಟರ್ ಎಳೆದಿತ್ತು. “ಕೆಲಸಕ್ಕೆ ಕೈಯೇ ಏಳ್ತಿಲ್ವಂತೆ” ಎಂದರು ಪಕ್ಕದ ಅಂಗಡಿಯವರು.

ಅವಳು ಕೇಳಿ ಕೇಳಿ ನೆಲಮಾಳಿಗೆಯ ಹಳೆ ಕಡತಗಳ ಕೋಣೆಗೆ ವರ್ಗ ಮಾಡಿಸಿಕೊಂಡಳು. ಅಲ್ಲಿಗೇ ಯಾಕೆ ಎಂದು ಗಂಡ ಕೇಳಿದ.

“ಅಲ್ಲಿ ಇರೋದೆಲ್ಲ ಮುಗಿದೋಗಿರೋರ ಕಾಗದ. ನಾನು ತಡ ಮಾಡಿದ್ರೂ ಯಾರಿಗೂ ಏನೂ ಆಗಲ್ಲ” ಎಂದಳು.