ಕಪಾಟಿನೊಳಗಿನ ಕೀಬೋರ್ಡ್

ಓದಿ ನಗುವವರು ನಗಬಹುದು. ನಾನು ಹೇಳುವುದಿಷ್ಟೇ: ಆ ಕೀಬೋರ್ಡನ್ನು ನಾನು ಇದೇ ಕೈಯಿಂದ ಮುಟ್ಟಿದ್ದೇನೆ. ಎಷ್ಟು ತೊಳೆದರೂ ಬೆರಳಿನ ಆ ಜಿಗುಟು ಹೋಗಿಲ್ಲ ಅನಿಸುತ್ತದೆ...

ಬಸವನ ಬಾಗೇವಾಡಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ನಾನು ಆಲಮಟ್ಟಿಯಲ್ಲಿ ಗುತ್ತಿಗೆದಾರರೊಬ್ಬರ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದೆ. ಬಾಗೇವಾಡಿಯ ಬಾಡಿಗೆ ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ. ಕಾಲುವೆಯ ನಕ್ಷೆಗಳೆಲ್ಲ ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲಿದ್ದವು. ಕಚೇರಿಯಿಂದಲೇ ಅದರೊಳಗೆ ಹೋಗುವಂತಾದರೆ ಚೆನ್ನ ಎಂದು, ಸಹೋದ್ಯೋಗಿ ಸಂಗಣ್ಣನಿಂದ ಕೇಳಿ ಕಲಿತು, ಒಂದು ಭಾನುವಾರ ಪೂರ್ತಿ ಕೂತು ರಿಮೋಟ್ ಲಾಗಿನ್ ಹೊಂದಿಸಿದೆ. ಪಾಸ್‌ವರ್ಡ್ ನನ್ನ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಇನ್ನು ಮನೆಯಲ್ಲಿ ಕೀಬೋರ್ಡ್ ಬೇಕಿರಲಿಲ್ಲ. ಕಳಚಿ, ಟವೆಲಿನಲ್ಲಿ ಸುತ್ತಿ ಗೋಡೆಯ ಕಪಾಟಿನಲ್ಲಿಟ್ಟೆ.

ನಾಲ್ಕನೆಯ ದಿನ. ಕತ್ತಲಾಗಿತ್ತು. ಕಚೇರಿಯಲ್ಲಿ ನಾನು, ಸಂಗಣ್ಣ ಇಬ್ಬರೇ. ಮನೆಯ ಕಂಪ್ಯೂಟರಿಗೆ ಲಾಗಿನ್ ಆಗಿ, ಒಳಗೆ ಯಾರ್ಯಾರಿದ್ದಾರೆಂದು ತೋರಿಸುವ ಕಮಾಂಡ್ ಕೊಟ್ಟೆ.

ಎರಡು ಸಾಲು ಬಂದವು. ಎರಡರಲ್ಲೂ ನನ್ನದೇ ಹೆಸರು. ಒಂದು ಆಲಮಟ್ಟಿಯಿಂದ. ಇನ್ನೊಂದು... ಆ ಕಂಪ್ಯೂಟರಿನದೇ ಕೀಬೋರ್ಡಿನಿಂದ.

ಸಂಗಣ್ಣ ಬಗ್ಗಿ ನೋಡಿದರು. "ಯಾರೋ ನಿಮ್ಮ ಮನ್ಯಾಗ ಕುಂತು ಟೈಪ್ ಮಾಡಾಕತ್ತಾರಲ್ರಿ ಶಾಂತಕ್ಕ."

"ಕೀಬೋರ್ಡ್ ಕಪಾಟಿನ್ಯಾಗ ಐತ್ರಿ!"

ಮನೆಗೆ ಫೋನ್ ಹಚ್ಚಿದೆ. "ಅವ್ವಾ, ಯಾರರ ಬಂದಾರೇನ?"

"ಯಾರೂ ಇಲ್ಲ ಯವ್ವಾ. ಕಪಾಟಿನ್ಯಾಗ ಟಕಟಕ ಸಪ್ಪಳ ಬರಾಕತ್ತೈತಿ. ನೀನ ಅಲ್ಲಿಂದ ಮಾಡಾಕತ್ತಿ ಅನ್ಕೊಂಡೆ."

ಕೂಡಲೇ ಆ ಎರಡನೆಯ ಲಾಗಿನ್ನನ್ನು ಹೊರಗೆ ಹಾಕಿದೆ.

"ನಿಂತಿತು ನೋಡು," ಅಂದಳು ಅವ್ವ.

ಒಂದೆರಡು ಉಸಿರಿನಷ್ಟು ಹೊತ್ತು... ಮತ್ತೆ ಕಮಾಂಡ್ ಕೊಟ್ಟೆ. ಆ ಸಾಲು ಮತ್ತೆ ಬಂದಿತ್ತು.

"ಮತ್ತ ಚಾಲೂ ಆತು..."

"ಅವ್ವಾ, ಕಪಾಟು ತೆಗೀಬ್ಯಾಡ! ಬಾಜೂಮನಿಗೆ ಹೋಗಿ ಕುಂಡ್ರು!"

ಸಂಗಣ್ಣನ ಬೈಕಿನಲ್ಲಿ ಬಾಗೇವಾಡಿ ಮುಟ್ಟಿದೆವು.

ಬಾಗಿಲು ತೆರೆದೊಡನೆ ವಾಸನೆ ಹೊಡೆಯಿತು. ಎಷ್ಟೋ ದಿನ ಹಲ್ಲುಜ್ಜದೆ ಜ್ವರದಲ್ಲಿ ಮಲಗಿದವರ ಬಾಯಿಯ ವಾಸನೆ. ಹುಳಿತ ಎಂಜಲು, ಅದರಡಿಯಲ್ಲಿ ಕೀವಿನ ನಾತ. ಸಂಗಣ್ಣ ಮೂಗಿಗೆ ಕರ್ಚೀಫ್ ಹಿಡಿದು ಹೊಸ್ತಿಲಲ್ಲೇ ನಿಂತರು. ಸಪ್ಪಳ ನಿಂತಿತ್ತು. ಕಪಾಟು ತೆಗೆದೆ.

ಟವೆಲ್ ಬಿಚ್ಚಿಕೊಂಡಿತ್ತು. ತಂತಿ ಮಾತ್ರ ನಾನು ಸುತ್ತಿಟ್ಟಂತೆಯೇ ಇತ್ತು, ಎಲ್ಲಿಗೂ ಜೋಡಿಸಿರಲಿಲ್ಲ. ಕೀಲಿಗಳ ಮೇಲೆಲ್ಲ ದಪ್ಪ ಜೊಲ್ಲು... ಎತ್ತಿದರೆ ಎಳೆಎಳೆಯಾಗಿ ಜೋತುಬಿತ್ತು. ಬೆಚ್ಚಗಿತ್ತು. ಯಾರೋ ನಾಲಿಗೆಯಿಂದ ಒಂದೊಂದೇ ಅಕ್ಷರ ಒತ್ತಿ, ಈಗಷ್ಟೇ ಬಾಯಿ ಸರಿಸಿದಂತೆ.

ಅಲ್ಲೇ ವಾಂತಿ ಮಾಡಿಕೊಂಡೆ.

"ಇಲಿ ಕೆಲಸ ಇರಬೇಕ್ರಿ," ಅಂದರು ಸಂಗಣ್ಣ. ಅವರ ಮಾತಿನಲ್ಲಿ ಅವರಿಗೇ ನಂಬಿಕೆ ಇರಲಿಲ್ಲ.

ಅಷ್ಟರಲ್ಲಿ ಅವ್ವ ಬಂದು ಇಣುಕಿದಳು. ಅವಳಿಗೆ ಗಾಬರಿಯೇ ಆಗಲಿಲ್ಲ.

"ಇದಕ್ಯಾಕ ಇಷ್ಟು ಹೆದರ್ತಿ? ದಿನಾ ಹಿಂಗ ಹಸೀ ಆಗಿರ್ತೈತಿ. ಸೀರಿ ತಗೊಳ್ಳಾಕ ಕಪಾಟು ತೆಗದಾಗೊಮ್ಮೆ ನಾನ ಒರಸಿ ಇಡಾಕತ್ತೇನಿ."

"ಯಾತರಲೇ ಒರಸಿದಿ ಅವ್ವಾ?"

"ಅಡಗಿಮನಿ ಅರಿವಿಲೆ. ರೊಟ್ಟಿ ಬುಟ್ಟಿಗೆ ಹೊಚ್ಚತೇವಲ್ಲ... ಅದ."

ಸಂಗಣ್ಣ ನನ್ನ ಮುಖ ನೋಡಿದರು. ಮೂರೂ ದಿನ ನನ್ನ ಡಬ್ಬಿಯ ರೊಟ್ಟಿಯನ್ನು ಇಬ್ಬರೂ ಹಂಚಿಕೊಂಡು ತಿಂದಿದ್ದೆವು. ಅವರು ಹೊರಗೋಡಿ ಗಟಾರದ ಮುಂದೆ ಕುಕ್ಕರಿಸಿದರು.

ಕೀಬೋರ್ಡನ್ನೂ ಆ ಅರಿವೆಯನ್ನೂ ಅವತ್ತೇ ಸುಟ್ಟೆವು. ಬಂದದ್ದು ಏನು, ನನ್ನ ಪಾಸ್‌ವರ್ಡ್ ಅದಕ್ಕೆ ಹೇಗೆ ಗೊತ್ತಾಯಿತು... ಇವತ್ತಿಗೂ ತಿಳಿದಿಲ್ಲ.

ಬೆಳಿಗ್ಗೆ ಏಳುವಾಗ ಕೆಲವೊಮ್ಮೆ ನನ್ನ ನಾಲಿಗೆಯ ಮೇಲೆ ಪ್ಲಾಸ್ಟಿಕ್ ನೆಕ್ಕಿದಂಥ ರುಚಿ ಇರುತ್ತದೆ. ಅವ್ವನಿಗೆ ಇದನ್ನು ಹೇಳಿಲ್ಲ.